ಲಿನಕ್ಸ್ ಯಂತ್ರಕ್ಕೆ ಡಿಸ್ಕ್ ಕಾರ್ಡ್ ಕೊಳ್ಳುವ ಮೊದಲು ಚಿಪ್‌ನ ಹೆಸರು ಕೇಳಿ

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಅದರ ಹೊಟ್ಟೆಯಲ್ಲಿ ಆರು ಹಾರ್ಡ್ ಡಿಸ್ಕ್. ತಾಳಮದ್ದಳೆಯ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಧ್ವನಿ, ನಾಟಕಗಳ ಫೋಟೋ, ಹಳೆಯ ಸ್ಮರಣ ಸಂಚಿಕೆಗಳ ಸ್ಕ್ಯಾನ್ ಎಲ್ಲ ಅದರಲ್ಲೇ. ಮೂಲ ಕ್ಯಾಸೆಟ್‌ಗಳಲ್ಲಿ ಅರ್ಧಕ್ಕರ್ಧ ಬೂಸ್ಟು ಹಿಡಿದು ಹೋಗಿವೆ. ಮುಂಬಯಿಯ ಮಳೆಗಾಲ ಟೇಪನ್ನು ಬಿಡುವುದಿಲ್ಲ.

ಮೊದಲು ಆ ಯಂತ್ರದಲ್ಲಿ ನಾಲ್ಕು ಡಿಸ್ಕ್ ಇದ್ದವು. ಅವನ್ನು ಒಂದು ಹಾರ್ಡ್‌ವೇರ್ ರೇಡ್ ಕಾರ್ಡ್‌ಗೆ ಜೋಡಿಸಿದ್ದೆವು. ರೇಡ್ ಎಂದರೆ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡಿಸ್ಕ್‌ನಂತೆ ನಡೆಸುವ ವಿಧಾನ. ಒಂದು ಜುಲೈ ತಿಂಗಳಲ್ಲಿ ಕಾರ್ಡ್ ಸತ್ತಿತು. ಡಿಸ್ಕ್‌ಗಳಿಗೆ ಏನೂ ಆಗಿರಲಿಲ್ಲ. ಆದರೆ ಬೇರೆ ಕಂಪ್ಯೂಟರ್‌ಗೆ ಹಾಕಿದರೆ ನಾಲ್ಕೂ ಖಾಲಿ ಎಂದೇ ತೋರಿಸಿದವು. ಯಾಕೆಂದರೆ ಯಾವ ತುಂಡು ಯಾವ ಡಿಸ್ಕ್‌ನಲ್ಲಿದೆ ಎಂಬ ಲೆಕ್ಕವನ್ನು ಆ ಕಾರ್ಡ್ ತನ್ನದೇ ರೀತಿಯಲ್ಲಿ ಬರೆದಿತ್ತು. ಅದನ್ನು ಓದಲು ಅದೇ ಜಾತಿಯ ಕಾರ್ಡೇ ಬೇಕಿತ್ತು.

"ಡಿಸ್ಕ್ ಸರಿ ಇದೆ ಅಂತೀರಿ. ಹಾಗಾದ್ರೆ ಭಾಗವತರ ಪದ ಎಲ್ಲಿ ಹೋಯ್ತು ಮಾರಾಯ್ರೇ?" ಎಂದು ಸಂಘದ ಶೆಟ್ರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ವಾರ ಹುಡುಕಿದ ಮೇಲೆ ಅಂಥದೇ ಇನ್ನೊಂದು ಹಳೆಯ ಕಾರ್ಡ್ ಸಿಕ್ಕಿತು. ಎಲ್ಲ ಫೈಲ್ ವಾಪಸ್ ಬಂತು. ಅವತ್ತಿನಿಂದ ಡಿಸ್ಕ್ ಕಾರ್ಡ್ ಆರಿಸುವುದನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಮನೆಯಲ್ಲಿ, ಸಂಘದಲ್ಲಿ, ಸಣ್ಣ ಆಫೀಸಿನಲ್ಲಿ ಲಿನಕ್ಸ್ ಅಥವಾ ಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್ ಹಾಕಿ ಫೈಲ್ ಸರ್ವರ್ ಮಾಡಬೇಕೆಂದಿರುವವರಿಗೆ ಈ ಲೇಖನ.

ನಿಜಕ್ಕೂ ಕಾರ್ಡ್ ಬೇಕೇ?

ಮೊದಲು ಮದರ್‌ಬೋರ್ಡ್‌ನಲ್ಲಿ ಸಾಟಾ ಪೋರ್ಟ್ (ಡಿಸ್ಕ್‌ನ ಕೇಬಲ್ ಚುಚ್ಚುವ ಜಾಗ) ಎಷ್ಟಿವೆ ಎಂದು ಎಣಿಸಿ. ನಾಲ್ಕು ಡಿಸ್ಕ್‌ಗೆ ನಾಲ್ಕು ಪೋರ್ಟ್ ಇದ್ದರೆ ಸುಮ್ನೆ ಕಾರ್ಡ್ ಕೊಳ್ಳಬೇಡಿ. ಬೋರ್ಡ್‌ನದೇ ಪೋರ್ಟ್‌ಗಳನ್ನು ಬಯೋಸ್‌ನಲ್ಲಿ ರೇಡ್ ಮೋಡ್‌ನಿಂದ ಡಿಸ್ಕನ್ನು ನೇರವಾಗಿ ತೋರಿಸುವ ಎಎಚ್‌ಸಿಐ ಮೋಡ್‌ಗೆ ಬದಲಿಸಿದರೆ ಸಾಕು. ಕೆಲವು ಬೋರ್ಡ್‌ಗಳಲ್ಲಿ ಎಂ.2 ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಿದರೆ ಒಂದೆರಡು ಸಾಟಾ ಪೋರ್ಟ್ ತಾವಾಗಿ ಕೆಲಸ ನಿಲ್ಲಿಸುತ್ತವೆ. ಪೋರ್ಟ್ ಕೆಟ್ಟಿದೆ ಎಂದು ತಿಳಿಯುವ ಮೊದಲು ಬೋರ್ಡ್‌ನ ಕೈಪಿಡಿ ನೋಡಿ.

ಮೂರು ಜಾತಿಯ ಕಾರ್ಡ್

ಅಂಗಡಿಯಲ್ಲಿ ಎಲ್ಲವನ್ನೂ "ರೇಡ್ ಕಾರ್ಡ್" ಎಂದೇ ಕರೆಯುತ್ತಾರೆ. ಒಳಗೆ ಅವು ಬೇರೆ ಬೇರೆ.

ಮೊದಲನೆಯದು ನಿಜವಾದ ಹಾರ್ಡ್‌ವೇರ್ ರೇಡ್ ಕಾರ್ಡ್. ಇದರಲ್ಲಿ ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ, ಕೆಲವೊಮ್ಮೆ ಬ್ಯಾಟರಿ ಕೂಡ ಇರುತ್ತದೆ. ಡಿಸ್ಕ್‌ಗಳನ್ನು ಸೇರಿಸಿ ಒಂದೇ ದೊಡ್ಡ ಡಿಸ್ಕ್ ಇದೆ ಎಂದು ಆಪರೇಟಿಂಗ್ ಸಿಸ್ಟಮ್‌ಗೆ ಹೇಳುತ್ತದೆ. ಹಿಂದೆ ಏನು ನಡೆಯುತ್ತಿದೆ ಎಂದು ಲಿನಕ್ಸ್‌ಗೆ ನೇರವಾಗಿ ಕಾಣುವುದಿಲ್ಲ. ಡಿಸ್ಕ್‌ನ ಆರೋಗ್ಯ ನೋಡಲು ಸ್ಮಾರ್ಟ್‌ಸಿಟಿಎಲ್ ಓಡಿಸಿದರೂ ಆ ಕಾರ್ಡ್‌ಗೆಂದೇ ಇರುವ ಬೇರೆ ಆಯ್ಕೆ ಕೊಡಬೇಕು. ದೊಡ್ಡ ಕಂಪನಿಗಳಲ್ಲಿ ಇದು ನಡೆಯುತ್ತದೆ. ಅಲ್ಲಿ ಬದಲಿ ಕಾರ್ಡ್ ಕಪಾಟಿನಲ್ಲೇ ಇರುತ್ತದೆ. ನಮ್ಮಂಥವರ ಹತ್ತಿರ ಇರುವುದಿಲ್ಲ, ಅಲ್ವಾ?

ಎರಡನೆಯದು ಹೆಸರಿಗೆ ಮಾತ್ರ ರೇಡ್. ಅಗ್ಗದ ಸಾಟಾ ಚಿಪ್ ಮೇಲೆ ಒಂದು ಬಯೋಸ್ ಮೆನು ಇಟ್ಟಿರುತ್ತಾರೆ. ಲೆಕ್ಕವೆಲ್ಲ ನಿಮ್ಮ ಕಂಪ್ಯೂಟರ್‌ನ ಪ್ರೊಸೆಸರ್ ತಲೆ ಮೇಲೆಯೇ ಬೀಳುತ್ತದೆ. ಇದಕ್ಕಿಂತ ಲಿನಕ್ಸ್‌ನದೇ ಸಾಫ್ಟ್‌ವೇರ್ ರೇಡ್ ಆದ ಎಂಡಿ ರೇಡ್ ಎಷ್ಟೋ ವಾಸಿ.

ಮೂರನೆಯದು ಎಚ್‌ಬಿಎ. ಡಿಸ್ಕನ್ನು ಹೇಗಿದೆಯೋ ಹಾಗೆ ಆಪರೇಟಿಂಗ್ ಸಿಸ್ಟಮ್ ಕೈಗೆ ಕೊಟ್ಟು ಪಕ್ಕಕ್ಕೆ ನಿಲ್ಲುವ ಕಾರ್ಡ್ ಇದು. ತನ್ನ ಬುದ್ಧಿ ತೋರಿಸುವುದಿಲ್ಲ. ನಮಗೆ ಬೇಕಾದದ್ದು ಇದೇ. ಜೆಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಬಳಸುವವರಿಗಂತೂ ಬೇರೆ ದಾರಿ ನೋಡಬೇಡಿ ಎನ್ನುತ್ತೇನೆ. ಜೆಡ್‌ಎಫ್‌ಎಸ್ ಪ್ರತಿ ತುಂಡಿನ ಚೆಕ್‌ಸಮ್ (ತಪ್ಪು ಹಿಡಿಯುವ ಲೆಕ್ಕ) ತಾನೇ ನೋಡಿಕೊಳ್ಳುತ್ತದೆ, ಯಾವ ಡಿಸ್ಕ್ ಕೈಕೊಡುತ್ತಿದೆ ಎಂದು ತಾನೇ ಹೇಳುತ್ತದೆ. ನಡುವೆ ರೇಡ್ ಕಾರ್ಡ್ ಕೂತರೆ ಅದರ ಕಣ್ಣಿಗೆ ಬಟ್ಟೆ ಕಟ್ಟಿದಂತೆ.

ಎಚ್‌ಬಿಎ ಸತ್ತರೆ ಏನಾಗುತ್ತದೆ? ಡಿಸ್ಕ್‌ಗಳನ್ನು ಬಿಚ್ಚಿ ಯಾವುದೇ ಲಿನಕ್ಸ್ ಯಂತ್ರದ ಸಾಟಾ ಪೋರ್ಟ್‌ಗೆ ಹಾಕಿ. ಎಂಡಿ ರೇಡ್ ಆಗಲಿ, ಜೆಡ್‌ಎಫ್‌ಎಸ್ ಆಗಲಿ, ಲೆಕ್ಕ ಡಿಸ್ಕ್‌ಗಳ ಮೇಲೆಯೇ ಇರುತ್ತದೆ. ಅದನ್ನು ಓದುವ ಸಾಫ್ಟ್‌ವೇರ್ ಎಲ್ಲರಿಗೂ ತೆರೆದಿದೆ. ಶೆಟ್ರ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಇಲ್ಲದಿದ್ದ ಉತ್ತರ ಇದು.

ಡಬ್ಬಿ ಬಿಡಿ, ಚಿಪ್ ಹಿಡಿಯಿರಿ

ಕಾರ್ಡ್‌ನ ಡಬ್ಬಿಯ ಮೇಲೆ ಒಂದು ಬ್ರ್ಯಾಂಡ್ ಇರುತ್ತದೆ. ಮುಂದಿನ ತಿಂಗಳು ಅದೇ ಡಬ್ಬಿಯಲ್ಲಿ ಬೇರೆ ಚಿಪ್ ಬರಬಹುದು. ಕಾರ್ಡನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ನೋಡುವುದು ಡಬ್ಬಿಯನ್ನಲ್ಲ, ಚಿಪ್ ಹೇಳುವ ನಂಬರನ್ನು. ಮದರ್‌ಬೋರ್ಡ್‌ನ ಸ್ಲಾಟ್‌ಗೆ ಕೂರಿಸುವ ಪ್ರತಿ ಪಿಸಿಐ ಕಾರ್ಡ್‌ನಲ್ಲೂ ತಯಾರಕರ ನಂಬರ್ ಮತ್ತು ಚಿಪ್‌ನ ನಂಬರ್ ಬರೆದಿರುತ್ತದೆ. ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಆಜ್ಞೆಯನ್ನು ಎನ್‌ಎನ್ ಮತ್ತು ಕೆ ಆಯ್ಕೆಗಳ ಜತೆ ಓಡಿಸಿದರೆ ಆ ನಂಬರ್ ಮತ್ತು ಅದಕ್ಕೆ ಅಂಟಿಕೊಂಡ ಡ್ರೈವರ್ ಎರಡೂ ಕಾಣುತ್ತವೆ.

ಆ ಸಾಲಿನಲ್ಲಿ ಇನ್ನೊಂದು ಚಿಕ್ಕ ನಂಬರ್ ಇರುತ್ತದೆ. ಕಾರ್ಡ್ ಯಾವ ಜಾತಿ ಎಂದು ಅದೇ ಹೇಳುತ್ತದೆ. 0106 ಎಂದಿದ್ದರೆ ಸಾಟಾ. 0107 ಎಂದಿದ್ದರೆ ಸ್ಯಾಸ್, ಅಂದರೆ ಸರ್ವರ್‌ಗಳಲ್ಲಿ ಬಳಸುವ ಡಿಸ್ಕ್ ಜೋಡಣೆ. 0104 ಎಂದಿದ್ದರೆ ಕಾರ್ಡ್ ತನ್ನನ್ನು ರೇಡ್ ಎಂದು ಕರೆದುಕೊಳ್ಳುತ್ತಿದೆ, ಸ್ವಲ್ಪ ನಿಂತು ಯೋಚಿಸಿ.

ಚಿಪ್ ಗೊತ್ತಾದ ಮೇಲೆ ನಿಮ್ಮ ಸಿಸ್ಟಮ್‌ನ ಪಟ್ಟಿ ನೋಡಿ. ಫ್ರೀಬಿಎಸ್‌ಡಿ ಮತ್ತು ಓಪನ್‌ಬಿಎಸ್‌ಡಿ ಈ ವಿಷಯದಲ್ಲಿ ಬಹಳ ಅಚ್ಚುಕಟ್ಟು. ಪ್ರತಿ ಡ್ರೈವರ್‌ನ ಮ್ಯಾನ್ ಪುಟದಲ್ಲೇ (ಸಿಸ್ಟಮ್‌ನ ಜತೆ ಬರುವ ಕೈಪಿಡಿ) ಯಾವ ಚಿಪ್, ಯಾವ ಕಾರ್ಡ್ ನಡೆಯುತ್ತದೆ ಎಂದು ಬರೆದಿರುತ್ತಾರೆ. ಲಿನಕ್ಸ್‌ನಲ್ಲಿ ಮಾಡ್‌ಇನ್‌ಫೋ ಆಜ್ಞೆಗೆ ಡ್ರೈವರ್ ಹೆಸರು ಕೊಟ್ಟರೆ ಅದು ಗುರುತಿಸುವ ನಂಬರ್‌ಗಳೆಲ್ಲ ಬರುತ್ತವೆ. ಮಾರುವವರ ಡಬ್ಬಿಯ ಮೇಲೆ ಲಿನಕ್ಸ್‌ನ ಗುರುತಾದ ಪೆಂಗ್ವಿನ್ ಚಿತ್ರ ಇದ್ದರೆ ಅದನ್ನು ಪುರಾವೆ ಎಂದು ತೆಗೆದುಕೊಳ್ಳಬೇಡಿ.

ಡ್ರೈವರ್ ಸಿಸ್ಟಮ್‌ನ ಜತೆಗೇ ಬರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಂಪನಿಯ ಜಾಲತಾಣದಿಂದ ಇಳಿಸಿ ಹಾಕಬೇಕಾದ ಡ್ರೈವರ್ ಇದ್ದರೆ, ಮುಂದಿನ ಕರ್ನಲ್ (ಸಿಸ್ಟಮ್‌ನ ತಿರುಳು) ಅಪ್‌ಡೇಟ್ ದಿನ ನಿಮ್ಮ ಡಿಸ್ಕ್ ಮಾಯ. ಓಪನ್‌ಬಿಎಸ್‌ಡಿ ಜನ ಇದಕ್ಕಾಗಿ ಜಗಳವನ್ನೇ ಆಡಿದ್ದಾರೆ. 2005ರಲ್ಲಿ ಅಡಾಪ್ಟೆಕ್ ತನ್ನ ರೇಡ್ ಕಾರ್ಡ್‌ಗಳ ತಾಂತ್ರಿಕ ದಾಖಲೆ ಕೊಡಲಿಲ್ಲ ಎಂದು, ಆ ಡ್ರೈವರನ್ನು 3.7ನೇ ಆವೃತ್ತಿಯ ಸಾಮಾನ್ಯ ಕರ್ನಲ್‌ನಿಂದ ತೆಗೆದೇಬಿಟ್ಟರು. ಬಳಸುತ್ತಿದ್ದವರಿಗೆ ತೊಂದರೆ ಆಯಿತು, ನಿಜ. ಆದರೆ ಓಪನ್‌ಬಿಎಸ್‌ಡಿಯವರ ಮಾತಿನಲ್ಲಿ ನ್ಯಾಯ ಇತ್ತು. ಒಳಗೆ ಏನಿದೆ ಎಂದು ಗೊತ್ತಿಲ್ಲದ ಕಾರ್ಡ್‌ಗೆ ನಂಬಿಕಸ್ಥ ಡ್ರೈವರ್ ಬರೆಯುವುದು ಹೇಗೆ?

ಎರಡರಿಂದ ಆರು ಡಿಸ್ಕ್ ಇದ್ದರೆ

ಇನ್ನೆರಡು ಮೂರು ಪೋರ್ಟ್ ಸಾಕು ಎನ್ನುವವರು ಸಾದಾ ಎಎಚ್‌ಸಿಐ ಕಾರ್ಡ್ ತೆಗೆದುಕೊಳ್ಳಿ. ಎಎಚ್‌ಸಿಐ ಎಂದರೆ ಸಾಟಾ ಚಿಪ್‌ಗಳ ಜತೆ ಮಾತಾಡಲು ಇರುವ ಬಹಿರಂಗ ರೀತಿ. ಇದನ್ನು ಪಾಲಿಸುವ ಚಿಪ್‌ಗೆ ಬೇರೆ ಡ್ರೈವರ್ ಬೇಡ. ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಮೂರರಲ್ಲೂ ಅದರ ಡ್ರೈವರ್ ಮೊದಲೇ ಇದೆ.

ಎರಡು ಪೋರ್ಟ್‌ಗೆ ಎಎಸ್‌ಮೀಡಿಯಾದ ಎಎಸ್‌ಎಂ1061 ಅಥವಾ ಜೆಮೈಕ್ರಾನ್‌ನ ಜೆಎಂಬಿ582. ಐದು ಪೋರ್ಟ್‌ಗೆ ಜೆಎಂಬಿ585. ಆರಕ್ಕೆ ಎಎಸ್‌ಎಂ1166. ಕೊನೆಯ ಎರಡು ಪಿಸಿಐ ಎಕ್ಸ್‌ಪ್ರೆಸ್ 3.0ರ ಎರಡು ಲೇನ್ (ಸ್ಲಾಟ್‌ನಲ್ಲಿ ಡೇಟಾ ಓಡುವ ದಾರಿ) ಬಳಸುತ್ತವೆ. ಮನೆಯ ಸರ್ವರ್‌ಗೆ ನಾನು ಇವೆರಡರಲ್ಲಿ ಒಂದನ್ನು ಹೇಳುತ್ತೇನೆ.

ಮಾರ್ವೆಲ್‌ನ 88ಎಸ್‌ಇ9128, 9230 ಥರದ ಚಿಪ್‌ಗಳು ಹಳೆಯ ಕಾರ್ಡ್‌ಗಳಲ್ಲಿ ಬಹಳ ಸಿಗುತ್ತವೆ. ವರ್ಚುವಲ್ ಯಂತ್ರ ಓಡಿಸಲೆಂದು ಬಯೋಸ್‌ನಲ್ಲಿ ಐಒಎಂಎಂಯು (ಕಾರ್ಡ್‌ಗಳ ಮೆಮೊರಿ ಬಳಕೆಗೆ ಕಾವಲಿಡುವ ಸೌಲಭ್ಯ) ಆನ್ ಮಾಡಿದರೆ ಇವು ತಕರಾರು ತೆಗೆಯುತ್ತವೆ. ಲಿನಕ್ಸ್ ಕರ್ನಲ್‌ನಲ್ಲಿ ಇವುಗಳಿಗೆಂದೇ ತೇಪೆ ಹಾಕಿದ್ದಾರೆ. ಕೈಯಲ್ಲಿ ಇದ್ದರೆ ಬಳಸಿ ನೋಡಿ. ದುಡ್ಡು ಕೊಟ್ಟು ಹೊಸದಾಗಿ ತರುವುದು ಬೇಡ.

ಇನ್ನೊಂದು ಬಲೆ ಇದೆ. ಒಂದೇ ಲೇನ್‌ನ ಪುಟ್ಟ ಕಾರ್ಡ್ ಮೇಲೆ 10, 16, 20 ಸಾಟಾ ಪೋರ್ಟ್. ನೋಡಿದ ಕೂಡಲೇ ಆಸೆ ಆಗುತ್ತದೆ. ಒಳಗೆ ನಾಲ್ಕು ಪೋರ್ಟ್‌ನ ಒಂದು ಚಿಪ್ ಇರುತ್ತದೆ. ಉಳಿದವು ಪೋರ್ಟ್ ಮಲ್ಟಿಪ್ಲಯರ್‌ನಿಂದ ಕವಲೊಡೆದವು. ಒಂದು ನಲ್ಲಿಗೆ ಐದು ಪೈಪು ಜೋಡಿಸಿದ ಹಾಗೆ. ವೇಗ ಹಂಚಿಹೋಗುವುದು ಒಂದು ಕಡೆ. ಒಂದು ಡಿಸ್ಕ್ ಸಿಕ್ಕಿಹಾಕಿಕೊಂಡರೆ ಅದೇ ಕವಲಿನ ಬೇರೆ ಡಿಸ್ಕ್‌ಗಳೂ ಜತೆಗೆ ಒದ್ದಾಡುವುದು ಇನ್ನೊಂದು ಕಡೆ. ರೇಡ್‌ನಲ್ಲಿ ಒಟ್ಟಿಗೆ ಮೂರು ಡಿಸ್ಕ್ ಮಾಯವಾದರೆ ಗತಿ ಏನು? ಬೇಡವೇ ಬೇಡ.

ಎಂಟು ಡಿಸ್ಕ್‌ವರೆಗೆ: ಹಳೆಯ ಸರ್ವರ್‌ನ ಸ್ಯಾಸ್ ಕಾರ್ಡ್

ಡಿಸ್ಕ್ ಜಾಸ್ತಿ ಇದ್ದರೆ ನನ್ನ ಆಯ್ಕೆ ಎಲ್‌ಎಸ್‌ಐ ಚಿಪ್‌ನ ಕಾರ್ಡ್. ಎಲ್‌ಎಸ್‌ಐ ಕಂಪನಿಯನ್ನು 2014ರಲ್ಲಿ ಅವಾಗೊ ಕೊಂಡಿತು. 2016ರಲ್ಲಿ ಅವಾಗೊ ಬ್ರಾಡ್‌ಕಾಮನ್ನು ಕೊಂಡು ಆ ಹೆಸರನ್ನೇ ಇಟ್ಟುಕೊಂಡಿತು. ಹಾಗಾಗಿ ಒಂದೇ ಕಾರ್ಡ್ ಮೇಲೆ ಈ ಮೂರರಲ್ಲಿ ಯಾವ ಹೆಸರೂ ಇರಬಹುದು, ಗಾಬರಿ ಬೇಡ.

ಸ್ಯಾಸ್ ಕಾರ್ಡ್‌ಗೆ ಸಾಟಾ ಡಿಸ್ಕ್ ಧಾರಾಳವಾಗಿ ಹಾಕಬಹುದು. ಉಲ್ಟಾ ಆಗುವುದಿಲ್ಲ. ಸಾಟಾ ಪೋರ್ಟ್‌ಗೆ ಸ್ಯಾಸ್ ಡಿಸ್ಕ್ ನಡೆಯುವುದಿಲ್ಲ. ಅಗ್ಗಕ್ಕೆ ಸಿಕ್ಕಿತು ಎಂದು ಸ್ಯಾಸ್ ಡಿಸ್ಕ್ ತಂದು ಪರದಾಡಿದವರನ್ನು ನಾನು ಕಂಡಿದ್ದೇನೆ.

ಮೂರು ತಲೆಮಾರಿನ ಚಿಪ್ ನೆನಪಿಟ್ಟುಕೊಳ್ಳಿ. ಸ್ಯಾಸ್2008, ಸ್ಯಾಸ್2308, ಸ್ಯಾಸ್3008. ಮೊದಲನೆಯದು ಪಿಸಿಐ ಎಕ್ಸ್‌ಪ್ರೆಸ್ 2.0, ಉಳಿದೆರಡು 3.0. ಮೂರಕ್ಕೂ ಎಂಟು ಲೇನ್, ಎಂಟು ಪೋರ್ಟ್. ಎಲ್‌ಎಸ್‌ಪಿಸಿಐಯಲ್ಲಿ ಇವು ಕ್ರಮವಾಗಿ 1000:0072, 1000:0087, 1000:0097 ಎಂದು ಕಾಣುತ್ತವೆ. ಎಲ್‌ಎಸ್‌ಐನದೇ ಕಾರ್ಡ್ ಹೆಸರು 9211-8ಐ, 9207-8ಐ, 9300-8ಐ. ಇವೇ ಚಿಪ್ ಬೇರೆ ಕಂಪನಿಗಳ ಹೆಸರಿನಲ್ಲೂ ಬಂದಿವೆ. ಡೆಲ್‌ನ ಎಚ್200, ಎಚ್310 ಮತ್ತು ಐಬಿಎಂನ ಎಂ1015 ಎಂದರೆ ಸ್ಯಾಸ್2008. ಎಚ್‌ಪಿಯ ಎಚ್220 ಎಂದರೆ ಸ್ಯಾಸ್2308. ಡೆಲ್‌ನ ಎಚ್‌ಬಿಎ330 ಎಂದರೆ ಸ್ಯಾಸ್3008.

ಲಿನಕ್ಸ್‌ನಲ್ಲಿ ಮೂರಕ್ಕೂ ಎಂಪಿಟಿ3ಸ್ಯಾಸ್ ಡ್ರೈವರ್. ಫ್ರೀಬಿಎಸ್‌ಡಿಯಲ್ಲಿ ಮೊದಲೆರಡಕ್ಕೆ ಎಂಪಿಎಸ್, ಮೂರನೆಯದಕ್ಕೆ ಎಂಪಿಆರ್. ಓಪನ್‌ಬಿಎಸ್‌ಡಿಯಲ್ಲಿ ಎಂಪಿಐಐ. ಎಲ್ಲ ಸಿಸ್ಟಮ್‌ನ ಜತೆಗೇ ಬರುತ್ತವೆ.

ಇಲ್ಲೊಂದು ಎಚ್ಚರಿಕೆ. ಕರ್ನಲ್‌ನಲ್ಲಿ ಡ್ರೈವರ್ ಇದ್ದರೂ ನಿಮ್ಮ ಡಿಸ್ಟ್ರಿಬ್ಯೂಷನ್ (ನೀವು ಹಾಕಿಕೊಂಡ ಲಿನಕ್ಸ್‌ನ ಬಗೆ) ಅದನ್ನು ಮೊಟಕು ಮಾಡಿರಬಹುದು. ರೆಡ್‌ಹ್ಯಾಟ್ ತನ್ನ 8ನೇ ಆವೃತ್ತಿಯಲ್ಲಿ ಸ್ಯಾಸ್2008ರ ಬೆಂಬಲ ತೆಗೆದುಹಾಕಿತು. ಡ್ರೈವರ್ ಲೋಡ್ ಆಗುತ್ತದೆ, ಡಿಸ್ಕ್ ಮಾತ್ರ ಕಾಣುವುದಿಲ್ಲ. ತಲೆ ಕೆಡುವಂಥ ಸ್ಥಿತಿ. ಇಎಲ್‌ರೆಪೊ ಎಂಬ ಹೊರಗಿನ ಭಂಡಾರದಿಂದ ಬದಲಿ ಡ್ರೈವರ್ ಹಾಕಿಕೊಳ್ಳಬಹುದು. ರೆಡ್‌ಹ್ಯಾಟ್‌ನಂಥದೇ ಡಿಸ್ಟ್ರಿಬ್ಯೂಷನ್ ಆದ ಆಲ್ಮಾಲಿನಕ್ಸ್‌ನವರು 9.4ರಿಂದ ಇಂಥ ಹಳೆಯ ಕಾರ್ಡ್‌ಗಳ ಬೆಂಬಲವನ್ನು ಮತ್ತೆ ಸೇರಿಸಿದ್ದಾರೆ. ಡೆಬಿಯನ್‌ನಲ್ಲಿ ಈ ತಾಪತ್ರಯ ಇಲ್ಲ. ನಮ್ಮ ಸಂಘದ ಯಂತ್ರದಲ್ಲಿ ಡೆಬಿಯನ್ ಇರುವುದಕ್ಕೆ ಇದೂ ಒಂದು ಕಾರಣ.

ಬಿಡಬೇಕಾದ ಕಾರ್ಡ್‌ಗಳ ಬಗ್ಗೆ ಎರಡು ಮಾತು. ಸ್ಯಾಸ್1068ಇ ಚಿಪ್ ಮತ್ತು ಡೆಲ್‌ನ ಪರ್ಕ್ 6ಐ 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ನೋಡಲಾರವು. ಅಗ್ಗದ ಗುಡ್ಡೆಯಲ್ಲಿ ಮೊದಲು ಕೈಗೆ ಬರುವುದು ಇವೇ. ಎಚ್‌ಪಿಯ ಪಿ410 ಡಿಸ್ಕನ್ನು ನೇರವಾಗಿ ಕೊಡುವುದಿಲ್ಲ. ಒಂದೊಂದು ಡಿಸ್ಕನ್ನೂ ಒಂಟಿ ರೇಡ್ 0 ಮಾಡಿ ಕೊಡಬೇಕು. ಹಾಗೆ ಮಾಡಿದರೆ ಮತ್ತೆ ನಮ್ಮ ಜುಲೈ ತಿಂಗಳ ಕಥೆಯೇ.

ಸ್ಲಾಟ್ ಮತ್ತು ವೇಗ

ಎಂಟು ಲೇನ್‌ನ ಕಾರ್ಡ್‌ಗೆ ಉದ್ದದ ಸ್ಲಾಟ್ ಬೇಕು. ಗ್ರಾಫಿಕ್ಸ್ ಕಾರ್ಡ್‌ನ ಜಾಗ ಖಾಲಿ ಇದ್ದರೆ ಅಲ್ಲೇ ಕೂರಿಸಿ. ಉದ್ದ ಇದ್ದ ಮಾತ್ರಕ್ಕೆ ಒಳಗೆ ಅಷ್ಟೂ ಲೇನ್ ಇರುತ್ತದೆ ಎಂದಲ್ಲ. ನಾಲ್ಕೇ ಇರಬಹುದು. ಹಾರ್ಡ್ ಡಿಸ್ಕ್‌ಗೆ ಅದೂ ಸಾಕು.

ಲೆಕ್ಕ ಹೀಗಿದೆ. ಪಿಸಿಐ ಎಕ್ಸ್‌ಪ್ರೆಸ್ 2.0ರ ಒಂದು ಲೇನ್ ಸೆಕೆಂಡಿಗೆ 500 ಎಂಬಿ. 3.0 ಆದರೆ ಸುಮಾರು 985 ಎಂಬಿ. ಇಂದಿನ ದೊಡ್ಡ ಹಾರ್ಡ್ ಡಿಸ್ಕ್ ಸೆಕೆಂಡಿಗೆ 200 ಎಂಬಿ ಅಥವಾ ಸ್ವಲ್ಪ ಹೆಚ್ಚು ಓದುತ್ತದೆ. 2.0ರ ಒಂದೇ ಲೇನ್‌ನಲ್ಲಿ ನಾಲ್ಕು ಡಿಸ್ಕ್ ಒಟ್ಟಿಗೆ ಓಡಿದರೆ ತಲಾ 100 ಎಂಬಿ ಸಿಕ್ಕರೆ ಹೆಚ್ಚು. ದಿನನಿತ್ಯ ಇದು ಗೊತ್ತೇ ಆಗುವುದಿಲ್ಲ. ಒಂದು ಡಿಸ್ಕ್ ಕೆಟ್ಟು ರೇಡ್ ಮತ್ತೆ ಕಟ್ಟುವ ದಿನ ಗೊತ್ತಾಗುತ್ತದೆ. 8 ಟಿಬಿ ಡಿಸ್ಕನ್ನು 100 ಎಂಬಿ ವೇಗದಲ್ಲಿ ತುಂಬಲು 22 ಗಂಟೆ ಬೇಕು. ಆ ಹೊತ್ತಿನಲ್ಲಿ ಇನ್ನೊಂದು ಡಿಸ್ಕ್ ಹೋಗದಿರಲಿ ಎಂದು ಉಸಿರು ಹಿಡಿದು ಕೂರಬೇಕು. ವೇಗ ಬೇಕಾಗುವುದು ಅದಕ್ಕೆ.

ಎಸ್‌ಎಸ್‌ಡಿ ಇದ್ದರೆ ಅದನ್ನು ಮದರ್‌ಬೋರ್ಡ್‌ನ ಪೋರ್ಟ್‌ಗೇ ಹಾಕಿ. ಹಳೆಯ ಸ್ಯಾಸ್ ಕಾರ್ಡ್‌ಗಳ ಮೂಲಕ ಟ್ರಿಮ್ (ಖಾಲಿಯಾದ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ಹೇಳುವ ಆಜ್ಞೆ) ಎಲ್ಲ ಎಸ್‌ಎಸ್‌ಡಿಗೂ ತಲುಪುವುದಿಲ್ಲ.

ಲ್ಯಾಮಿಂಗ್ಟನ್ ರೋಡ್‌ಗೆ ಹೊರಡುವ ಮೊದಲು

ಬೋರ್ಡ್ ಮೇಲೆ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಎಂದಿದೆ. ಬಾಯಲ್ಲಿ ಎಲ್ಲರಿಗೂ ಲ್ಯಾಮಿಂಗ್ಟನ್ ರೋಡ್. ನಾನು ಡೊಂಬಿವಲಿಯಿಂದ ದಾದರ್‌ಗೆ ಬಂದು, ಅಲ್ಲಿ ವೆಸ್ಟರ್ನ್ ಲೈನ್ ಹಿಡಿದು ಗ್ರಾಂಟ್ ರೋಡ್‌ನಲ್ಲಿ ಇಳಿಯುತ್ತೇನೆ. ಪೂರ್ವದ ಕಡೆ ಹೊರಬಿದ್ದರೆ ನಡೆದೇ ಹೋಗಬಹುದು. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ. ಬೆಳಗಿನ ಲೋಕಲ್ ರಶ್‌ನಲ್ಲಿ ಡಿಸ್ಕ್ ಹೊತ್ತುಕೊಂಡು ಹೋಗುವುದೂ ಬೇಡ. ಮಧ್ಯಾಹ್ನ ಒಳ್ಳೆಯದು.

ಅಂಗಡಿಯಲ್ಲಿ "ಎಂಟು ಪೋರ್ಟ್ ಕಾರ್ಡ್ ಕೊಡಿ" ಎಂದರೆ ಎದುರಿಗೆ ಇದ್ದದ್ದನ್ನು ಕೊಡುತ್ತಾರೆ. "ಭಾಯ್, ಚಿಪ್ ಕೌನ್‌ಸಾ ಹೈ?" ಎಂದು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಕಾರ್ಡ್‌ನ ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ. ಸ್ಟಿಕರ್‌ನಲ್ಲಿರುವ ಪಾರ್ಟ್ ನಂಬರ್ ಹುಡುಕಿದರೆ ಚಿಪ್ ಸಿಗುತ್ತದೆ. ನಾನು ಜೇಬಿನಲ್ಲಿ ಡೆಬಿಯನ್ ಲೈವ್ ಯುಎಸ್‌ಬಿ (ಯಂತ್ರದಲ್ಲಿ ಏನೂ ಹಾಕದೆ ನೇರವಾಗಿ ಓಡುವ ಡೆಬಿಯನ್) ಇಟ್ಟುಕೊಂಡೇ ಹೋಗುತ್ತೇನೆ. ಅಂಗಡಿಯ ಟೆಸ್ಟ್ ಯಂತ್ರದಲ್ಲಿ ಕಾರ್ಡ್ ಹಾಕಿ, ಲೈವ್ ಬೂಟ್ ಮಾಡಿ, ಎಲ್‌ಎಸ್‌ಪಿಸಿಐ ನೋಡಲು ಹತ್ತು ನಿಮಿಷ ಸಾಕು. ವಿನಯದಿಂದ ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಬಿಲ್ ಮೇಲೆ ಪಾರ್ಟ್ ನಂಬರ್ ಬರೆಸಿಕೊಳ್ಳಿ. ವಾಪಸ್ ತೆಗೆದುಕೊಳ್ಳುವ ದಿನಗಳ ಮಾತು ಕೂಡ ಅಲ್ಲೇ ಆಗಲಿ.

"ಹೊಸದು, ಸೀಲ್ ಪ್ಯಾಕ್" ಎಂದು ತೀರ ಅಗ್ಗಕ್ಕೆ ಕೊಡುವ 9211-8ಐ ನಕಲಿ ಆಗಿರಬಹುದು. ಅದಕ್ಕಿಂತ ಡೆಲ್, ಐಬಿಎಂ, ಎಚ್‌ಪಿ ಸರ್ವರ್‌ನಿಂದ ಬಿಚ್ಚಿದ ಹಳೆಯ ಕಾರ್ಡ್ ಮೇಲೆ ನನಗೆ ನಂಬಿಕೆ ಹೆಚ್ಚು. ಸ್ಟಿಕರ್, ಸೀರಿಯಲ್ ನಂಬರ್ ಎಲ್ಲ ಮಾಸಿದ್ದರೂ ಇರುತ್ತದೆ. ಚಿನ್ನದ ಬಣ್ಣದ ಅಂಚು ಕಪ್ಪಾಗಿದೆಯೇ ನೋಡಿ. ಡೆಲ್‌ನ ಕೆಲವು ಕಾರ್ಡ್ ಅವರದೇ ಸರ್ವರ್‌ನ ವಿಶೇಷ ಸ್ಲಾಟ್‌ಗೆ ಮಾತ್ರ ಹೊಂದುವ ಆಕಾರದಲ್ಲಿ ಇರುತ್ತವೆ. ಸಾದಾ ಪಿಸಿಐ ಎಕ್ಸ್‌ಪ್ರೆಸ್ ಅಂಚು ಇದೆಯೇ, ಹಿಂದಿನ ತಗಡಿನ ಪಟ್ಟಿ ನಿಮ್ಮ ಕ್ಯಾಬಿನೆಟ್‌ಗೆ ಸರಿಯಾದ ಉದ್ದದ್ದೇ, ಗಮನಿಸಿ.

ಫರ್ಮ್‌ವೇರ್: ಐಟಿ ಮೋಡ್

ಫರ್ಮ್‌ವೇರ್ ಎಂದರೆ ಕಾರ್ಡ್‌ನ ಒಳಗೇ ಬರೆದಿರುವ ಸಾಫ್ಟ್‌ವೇರ್. ಸ್ಯಾಸ್2008 ಕಾರ್ಡ್‌ಗಳಿಗೆ ಅದು ಎರಡು ಬಗೆ. ಐಆರ್ ಎಂದರೆ ರೇಡ್ ಸೇರಿದ್ದು. ಐಟಿ ಎಂದರೆ ಡಿಸ್ಕನ್ನು ನೇರ ಕೊಡುವುದು. ನಮಗೆ ಐಟಿ. "ಐಟಿ ಮೋಡ್ ಆಗಿದೆ" ಎಂದು ಮಾರುವ ಕಾರ್ಡ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ಕೊಳ್ಳಿ. ಎಚ್‌ಬಿಎ330 ಕಾರ್ಖಾನೆಯಿಂದಲೇ ಹಾಗೆ ಬರುತ್ತದೆ.

ಎಂ1015 ಮೂಲ ಫರ್ಮ್‌ವೇರ್‌ನಲ್ಲಿ ಇದ್ದರೆ 1000:0073 ಎಂದು ಕಾಣುತ್ತದೆ. 9211ರ ಐಟಿ ಫರ್ಮ್‌ವೇರ್ ಹಾಕಿದ ಮೇಲೆ 0072 ಆಗುತ್ತದೆ. ನೀವೇ ಬದಲಿಸುವುದಾದರೆ ಆತುರ ಬೇಡ. ಮೊದಲು ಕಾರ್ಡ್‌ನ ಸ್ಟಿಕರ್ ಮೇಲಿರುವ 16 ಅಕ್ಷರದ ಸ್ಯಾಸ್ ವಿಳಾಸ (ಕಾರ್ಡ್‌ನ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಅದು ಅಳಿಸಿಹೋದರೆ ಮತ್ತೆ ಕೈಯಾರೆ ತುಂಬಬೇಕು. ಡಿಸ್ಕ್‌ಗಳನ್ನೆಲ್ಲ ಬಿಚ್ಚಿಡಿ. ಯಂತ್ರವನ್ನು ಯುಪಿಎಸ್‌ಗೆ ಹಾಕಿ. ಹೊಸ ಮದರ್‌ಬೋರ್ಡ್‌ಗಳಲ್ಲಿ ಡಾಸ್‌ನಿಂದ ಫರ್ಮ್‌ವೇರ್ ಬರೆಯುವ ಸ್ಯಾಸ್2ಫ್ಲಾಶ್ ಓಡಿಸಿದರೆ ಪಿಎಎಲ್ ಎಂಬ ದೋಷ ತೋರಿಸಿ ನಿಲ್ಲುತ್ತದೆ. ಆಗ ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಶೆಲ್‌ನಿಂದ ಅದರ ಯುಇಎಫ್‌ಐ ಆವೃತ್ತಿ ಓಡಿಸಿ. ಸ್ಯಾಸ್2ಫ್ಲಾಶ್‌ನಲ್ಲಿ ಹಳೆಯದನ್ನು ಅಳಿಸಿದ ಮೇಲೆ ಹೊಸದು ಬರೆಯುವ ತನಕ ಯಂತ್ರವನ್ನು ಆರಿಸಲೂಬೇಡಿ, ಮರುಬೂಟ್ ಮಾಡಲೂಬೇಡಿ.

ಆವೃತ್ತಿ ಕೂಡ ಮುಖ್ಯ. ಸ್ಯಾಸ್2008ಕ್ಕೆ 20.00.07.00 ಹಾಕಿ. 20ರ ಸಾಲಿನ ಮೊದಲ ಬಿಡುಗಡೆ 20.00.00.00 ತೊಂದರೆ ಕೊಟ್ಟದ್ದು, ಅದು ಇದ್ದರೆ ಬದಲಿಸಿ. ಈ ಕಾರ್ಡ್‌ನ ಡಿಸ್ಕ್‌ನಿಂದ ಬೂಟ್ ಮಾಡುವುದಿಲ್ಲ ಎಂದಾದರೆ ಅದಕ್ಕೆಂದೇ ಇರುವ ಬೂಟ್ ರಾಮ್ ಎಂಬ ಭಾಗವನ್ನು ಕಾರ್ಡ್‌ಗೆ ಹಾಕುವ ಅಗತ್ಯವಿಲ್ಲ. ಯಂತ್ರ ಬೇಗ ಏಳುತ್ತದೆ.

ಕಾರ್ಡ್ ಹಾಕಿದ ಕೂಡಲೇ ಕಂಪ್ಯೂಟರ್ ಏಳುವುದೇ ಇಲ್ಲ ಎಂದರೆ ಕಾರ್ಡ್ ಸತ್ತಿದೆ ಎಂದು ತೀರ್ಮಾನಿಸಬೇಡಿ. ಡೆಲ್‌ನ ಕೆಲವು ಕಾರ್ಡ್ ಮನೆಯ ಮದರ್‌ಬೋರ್ಡ್ ಜತೆ ಹೀಗೆ ಮಾಡುತ್ತವೆ. ಅಂಚಿನ ಬಿ5, ಬಿ6 ಪಿನ್‌ಗಳ ಮೇಲೆ ತೆಳುವಾದ ಇನ್ಸುಲೇಷನ್ ಟೇಪ್ ಅಂಟಿಸಿದರೆ ಸರಿಹೋಗುತ್ತದೆ. ಬೇರೆ ಪಿನ್ ಮುಚ್ಚದಂತೆ ಬ್ಲೇಡಿನಿಂದ ಟೇಪ್ ಕತ್ತರಿಸಿ.

ಕೇಬಲ್, ಕರೆಂಟ್, ಕಾವು

ಸ್ಯಾಸ್2008 ಮತ್ತು 2308 ಕಾರ್ಡ್‌ಗೆ ಎಸ್‌ಎಫ್‌ಎಫ್-8087 ಕೇಬಲ್. 3008ಕ್ಕೆ ಎಸ್‌ಎಫ್‌ಎಫ್-8643. ಒಂದು ತುದಿಯಿಂದ ನಾಲ್ಕು ಸಾಟಾ ಕವಲು ಬರುತ್ತದೆ. ಕೊಳ್ಳುವಾಗ ಫಾರ್ವರ್ಡ್ ಬ್ರೇಕ್‌ಔಟ್ ಎಂದೇ ಹೇಳಿ. ರಿವರ್ಸ್ ಎಂಬುದೂ ಇದೆ. ನೋಡಲು ಒಂದೇ ಥರ, ಆದರೆ ಡಿಸ್ಕ್ ಕಾಣುವುದಿಲ್ಲ. ಸಾಟಾ ಕೇಬಲ್ 1 ಮೀಟರ್ ದಾಟಬಾರದು.

ಕರೆಂಟ್ ವಿಷಯದಲ್ಲಿ ಒಂದೇ ಮಾತು. ಪ್ಲಾಸ್ಟಿಕ್ ಎರಕ ಹೊಯ್ದ ಮೊಲೆಕ್ಸ್-ಸಾಟಾ ಕನ್ವರ್ಟರ್ ಬೇಡ. ಒಳಗೆ ಶಾರ್ಟ್ ಆಗಿ ಬೆಂಕಿ ಹತ್ತಿದ ಉದಾಹರಣೆಗಳಿವೆ. ತಂತಿ ಬಿಡಿಬಿಡಿಯಾಗಿ ಕ್ರಿಂಪ್ ಮಾಡಿದ್ದನ್ನು ಕೊಳ್ಳಿ.

ಕಾವಿನ ಬಗ್ಗೆ ಮುಂಬಯಿಯವರು ಹೆಚ್ಚು ಎಚ್ಚರ ಇರಬೇಕು. ಈ ಕಾರ್ಡ್‌ಗಳು ಸರ್ವರ್‌ನ ಜೋರು ಗಾಳಿಗೆಂದು ಮಾಡಿದವು. ಕಾರ್ಡ್‌ನ ಮೇಲೆ ಹೀಟ್‌ಸಿಂಕ್ ಇರುತ್ತದೆ, ಫ್ಯಾನ್ ಇರುವುದಿಲ್ಲ. ಎಸಿ ಇಲ್ಲದ ಕೋಣೆ, ಮೇ ತಿಂಗಳು, ಮುಚ್ಚಿದ ಕ್ಯಾಬಿನೆಟ್ ಸೇರಿದರೆ ಹೀಟ್‌ಸಿಂಕ್ ಮೇಲೆ ಬೆರಳಿಡಲು ಆಗುವುದಿಲ್ಲ. 40 ಮಿಲಿಮೀಟರ್‌ನ ಸಣ್ಣ ಫ್ಯಾನ್ ಕಟ್ಟಿ. ಹಳೆಯ ಕಾರ್ಡ್ ಆದರೆ ಹೀಟ್‌ಸಿಂಕ್ ಬಿಚ್ಚಿ, ಗಟ್ಟಿಯಾದ ಪೇಸ್ಟ್ ಒರೆಸಿ, ಹೊಸದು ಹಚ್ಚಿ. ನಾನು ಎರಡು ಕಾರ್ಡ್ ಬಿಚ್ಚಿದ್ದೇನೆ. ಎರಡರಲ್ಲೂ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು.

ಫೈಲ್ ಹಾಕುವ ಮೊದಲು ಒಂದು ವಾರ

ಎಲ್ಲ ಜೋಡಿಸಿದ ದಿನವೇ ಫೈಲ್ ತುಂಬಬೇಡಿ. ಮೊದಲು ಪ್ರತಿ ಡಿಸ್ಕ್‌ಗೂ ಸ್ಮಾರ್ಟ್‌ಸಿಟಿಎಲ್‌ನಿಂದ ದೀರ್ಘ ಪರೀಕ್ಷೆ ಓಡಿಸಿ. ಅದರಲ್ಲಿ 199ನೇ ಸಾಲನ್ನು ಬರೆದಿಟ್ಟುಕೊಳ್ಳಿ. ಡಿಸ್ಕ್ ಮತ್ತು ಕಾರ್ಡ್ ನಡುವೆ ಎಷ್ಟು ಸಲ ಮಾತು ಕೆಟ್ಟಿದೆ ಎಂಬ ಎಣಿಕೆ ಅದು. ಆ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ, ಹಾಗಾಗಿ ಹಳೆಯ ಡಿಸ್ಕ್‌ನಲ್ಲಿ 40 ಇದ್ದರೆ ಹೆದರಬೇಡಿ. 40 ಇದ್ದದ್ದು ನಾಳೆ 55 ಆದರೆ ಕೇಬಲ್ ಬದಲಿಸಿ. ಹತ್ತರಲ್ಲಿ ಎಂಟು ಸಲ ತಪ್ಪು ಕೇಬಲ್‌ನದೇ ಆಗಿರುವುದನ್ನು ನಾನು ನೋಡಿದ್ದೇನೆ.

ಆಮೇಲೆ ಎಲ್ಲ ಡಿಸ್ಕ್‌ಗಳನ್ನೂ ಒಟ್ಟಿಗೆ ಮೊದಲಿನಿಂದ ಕೊನೆಯವರೆಗೆ ಓದಿಸಿ. ಒಂದೊಂದಾಗಿ ಓದಿದಾಗ ಸುಮ್ಮನಿರುವ ಕಾರ್ಡ್ ಆರೂ ಒಟ್ಟಿಗೆ ಓಡಿದಾಗ ಬಣ್ಣ ತೋರಿಸುತ್ತದೆ. ಆ ಹೊತ್ತಿನಲ್ಲಿ ಕರ್ನಲ್‌ನ ಸಂದೇಶ ತೋರಿಸುವ ಡಿಎಂಇಎಸ್‌ಜಿ ನೋಡುತ್ತಿರಿ. ಲಿಂಕ್ ರೀಸೆಟ್ ಎಂಬ ಸಾಲು ಬಂದರೆ ಯಾವ ಪೋರ್ಟ್ ಎಂದು ಗುರುತು ಮಾಡಿ. ಅದೇ ಪೋರ್ಟ್‌ಗೆ ಬೇರೆ ಕೇಬಲ್, ಆಮೇಲೆ ಬೇರೆ ಡಿಸ್ಕ್ ಹಾಕಿ ನೋಡಿ. ತಪ್ಪು ಕೇಬಲ್ ಜತೆ ಹೋಯಿತೇ, ಡಿಸ್ಕ್ ಜತೆ ಹೋಯಿತೇ, ಪೋರ್ಟ್‌ನಲ್ಲೇ ಉಳಿಯಿತೇ ಎಂದು ಇದರಿಂದ ತಿಳಿಯುತ್ತದೆ.

ಕೊನೆಗೆ ಒಂದು ಪರೀಕ್ಷೆ ಮಾಡಲೇಬೇಕು. ಬೇಡದ ಫೈಲ್ ತುಂಬಿದ ರೇಡ್ ಕಟ್ಟಿ. ಯಂತ್ರ ಆರಿಸಿ. ಕಾರ್ಡನ್ನೇ ತೆಗೆದುಬಿಡಿ. ಡಿಸ್ಕ್‌ಗಳನ್ನು ಇನ್ನೊಂದು ಲಿನಕ್ಸ್ ಕಂಪ್ಯೂಟರ್‌ಗೆ ಹಾಕಿ ಫೈಲ್ ತೆರೆಯುತ್ತದೆಯೇ ನೋಡಿ. ಪೋರ್ಟ್ ಸಾಲದಿದ್ದರೆ ಎರಡು ಡಿಸ್ಕ್‌ನ ಕನ್ನಡಿ ರೇಡ್‌ನಲ್ಲೇ (ಎರಡರಲ್ಲೂ ಒಂದೇ ಪ್ರತಿ) ಮಾಡಿ. ನಮ್ಮ ಹೊಸ ಕಾರ್ಡ್‌ನಲ್ಲಿ ನಾನು ಇದನ್ನು ಶೆಟ್ರ ಎದುರಿಗೇ ಮಾಡಿ ತೋರಿಸಿದೆ. ಇನ್ನೊಂದು ಯಂತ್ರದಲ್ಲಿ ಚೆಂಡೆಯ ಸದ್ದು ಕೇಳಿದ ಮೇಲೆಯೇ ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ್ದು. ರೇಡ್ ಇದ್ದರೂ ಇನ್ನೊಂದು ಪ್ರತಿ ಬೇಕೇ ಬೇಕು. ನಮ್ಮದು ಈಗ ಮುಲುಂಡ್‌ನ ಒಬ್ಬ ಸದಸ್ಯರ ಮನೆಯಲ್ಲಿದೆ.

ಚಿಪ್‌ನ ಹೆಸರು, ಫರ್ಮ್‌ವೇರ್ ಆವೃತ್ತಿ, ಸ್ಯಾಸ್ ವಿಳಾಸ, ಯಾವ ಕೇಬಲ್‌ನಲ್ಲಿ ಯಾವ ಸೀರಿಯಲ್ ನಂಬರ್‌ನ ಡಿಸ್ಕ್ ಇದೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಅದನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಕ್ಯಾಬಿನೆಟ್‌ನ ಬಾಗಿಲಿನ ಒಳಗಡೆ ಅಂಟಿಸಿ. ಸಂಘದ ಯಂತ್ರದಲ್ಲಿ ಆ ಹಾಳೆ ಕನ್ನಡದಲ್ಲಿದೆ. ಮುಂದೆ ಯಾರು ಬಾಗಿಲು ತೆರೆದರೂ ಓದಬಹುದು.